‘ಭಾರತ’ ಯಾವ ಭರತನದು? ಶಾಲೆ ಗೋಡೆಗೆ ಏನು ಬರೆಸಬೇಕು?

ಪ್ರಶ್ನೆ: ನಾನು ಬಾದಾಮಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಶಿಕ್ಷಕಿ. ಶಾಲೆಯ ಕಾಂಪೌಂಡ್ ಗೋಡೆಗೆ ಬಣ್ಣ ಹೊಡೆಸುತ್ತಿದ್ದೇವೆ. ಒಂದು ಕಡೆ ‘ನಮ್ಮ ದೇಶದ ಪ್ರಾಚೀನ ಹೆಸರುಗಳು’ ಎಂದು ಬರೆಸೋಣ ಅಂತ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಸಮಿತಿ) ಸಭೆಯಲ್ಲಿ ತೀರ್ಮಾನವಾಯಿತು. ಜಗಳ ಶುರುವಾದದ್ದೇ ಅಲ್ಲಿ. ‘ದುಷ್ಯಂತನ ಮಗ ಭರತನಿಂದ ಭಾರತ’ ಎಂದು ನಾನು ಬರೆದುಕೊಂಡು ಹೋಗಿದ್ದೆ. ಜೈನ ಸಮಾಜದ ಒಬ್ಬ ಸದಸ್ಯರು ‘ಅದು ತಪ್ಪು, ವೃಷಭನಾಥರ ಮಗ ಭರತ ಚಕ್ರವರ್ತಿಯಿಂದ ಬಂದ ಹೆಸರು’ ಅಂದರು. ಇನ್ನೊಬ್ಬರು ‘ಹಿಂದೂ ಅನ್ನೋದು ಪರ್ಷಿಯನ್ನರ ಬೈಗುಳ, ಇಂಡಿಯಾ ಬ್ರಿಟಿಷರು ಇಟ್ಟ ಹೆಸರು, ಎರಡೂ ಬೇಡ’ ಎಂದು ಪಟ್ಟು ಹಿಡಿದಿದ್ದಾರೆ. ಮತ್ತೊಬ್ಬರಿಗೆ ‘ಆರ್ಯಾವರ್ತ’ ದೊಡ್ಡ ಅಕ್ಷರದಲ್ಲಿ ಬೇಕಂತೆ. ಪೇಂಟರ್ ದಿನಾ ಫೋನ್ ಮಾಡ್ತಾನೆ. ಮಕ್ಕಳು ವರ್ಷಗಟ್ಟಲೆ ಓದುವ ಗೋಡೆ ಅದು. ಯಾವುದು ಸರಿ? ಏನು ಬರೆಸಲಿ?

ಉತ್ತರ: ಟೀಚರ್, ನಿಮ್ಮ ಚಿಂತೆ ಎರಡು ಇವೆ. ಗೋಡೆ ಮೇಲೆ ಸುಳ್ಳು ಬರಬಾರದು. ಊರವರ ಮನಸ್ಸೂ ಕೆಡಬಾರದು. ಎರಡನ್ನೂ ಉಳಿಸಿಕೊಳ್ಳಬಹುದು, ಗಾಬರಿ ಬೇಡ. ಪೇಂಟರ್‌ಗೆ ಮಾತ್ರ ಇನ್ನೊಂದು ವಾರ ತಡಿ ಅಂತ ಹೇಳಿ.

ಶಾಸನ ಓದುವುದು, ಓದಿಸುವುದು ನನ್ನ ಕಸುಬು. ಹಳೆಯ ಹೆಸರೊಂದು ಎದುರಿಗೆ ಬಂದರೆ ನಾವು ಮೂರು ಮಾತು ಕೇಳುತ್ತೇವೆ: ಯಾರು ಹೇಳಿದರು, ಯಾವಾಗ ಹೇಳಿದರು, ಎಷ್ಟು ನೆಲಕ್ಕೆ ಹೇಳಿದರು. ಮೂರನೆಯದನ್ನು ಜನ ಸಾಮಾನ್ಯವಾಗಿ ಮರೆಯುತ್ತಾರೆ. ಇವತ್ತಿನ ನಕಾಶೆ ಮುಂದಿಟ್ಟುಕೊಂಡು ‘ಇಷ್ಟಕ್ಕೂ ಆಗ ಏನಂತಿದ್ದರು?’ ಎಂದು ಕೇಳುತ್ತಾರೆ. ಆಗಿನವರ ಮುಂದೆ ಆ ನಕಾಶೆ ಇರಲಿಲ್ಲ. ನಿಮ್ಮ ಸಭೆಯ ಜಗಳದ ಬೇರೂ ಇದೇ.

ಮೊದಲು ಭರತನ ವಿಷಯ ನೋಡೋಣ, ಗಂಟು ಇರುವುದು ಅಲ್ಲೇ.

ದುಷ್ಯಂತ, ಶಕುಂತಲೆಯರ ಮಗನ ಕತೆ ಮಹಾಭಾರತದ ಆದಿಪರ್ವದಲ್ಲಿ ಬರುತ್ತದೆ. ಅವನಿಂದ ಭಾರತ ಎಂಬ ಕೀರ್ತಿ ಬಂತು, ಈ ಕುಲ ಭಾರತ ಕುಲವಾಯಿತು ಎನ್ನುತ್ತದೆ ಅಲ್ಲಿಯ ಶ್ಲೋಕ. ಸ್ವಲ್ಪ ನಿಂತು ನೋಡಿ: ಅದು ಹೇಳುತ್ತಿರುವುದು ಕುಲದ ಹೆಸರು, ದೇಶದ್ದಲ್ಲ. ಅರ್ಜುನನನ್ನು ಕೃಷ್ಣ ‘ಭಾರತ’ ಎಂದು ಕರೆಯುವುದು ಇದೇ ಅರ್ಥದಲ್ಲಿ. ಕುರುವಿನ ಕುಲದವರು ಕೌರವರು, ಪಾಂಡುವಿನ ಮಕ್ಕಳು ಪಾಂಡವರು, ಭರತನ ಕುಲದವರು ಭಾರತರು.

ಹಾಗಾದರೆ ದೇಶಕ್ಕೆ ಆ ಹೆಸರು ಭರತನಿಂದ ಬಂತು ಎಂದು ನೇರವಾಗಿ ಹೇಳುವ ಗ್ರಂಥ ಯಾವುದು? ವಿಷ್ಣುಪುರಾಣದ ಎರಡನೇ ಅಂಶ ಹೇಳುತ್ತದೆ. ಭಾಗವತದ ಐದನೇ ಸ್ಕಂಧ ಹೇಳುತ್ತದೆ. ಎರಡರಲ್ಲೂ ಆ ಭರತ ದುಷ್ಯಂತನ ಮಗನಲ್ಲ. ನಾಭಿಯ ಮೊಮ್ಮಗ, ಋಷಭನ (ಜೈನರ ಮೊದಲ ತೀರ್ಥಂಕರ ವೃಷಭನಾಥನ) ಮಗ. ಅದಕ್ಕೂ ಮುಂಚೆ ಈ ನೆಲದ ಹೆಸರು ಅಜನಾಭವಾಗಿತ್ತು ಎಂದೂ ಭಾಗವತ ಸೇರಿಸುತ್ತದೆ. ಅಂದರೆ ನಿಮ್ಮ ಜೈನ ಸದಸ್ಯರು ಹೇಳಿದ ಮಾತು ಜೈನರ ಮಾತು ಮಾತ್ರ ಅಲ್ಲ. ವೈಷ್ಣವ ಪುರಾಣಗಳೂ ಅವರ ಪರವಾಗಿಯೇ ಇವೆ. ಇದನ್ನು ಸಭೆಯಲ್ಲಿ ಹೇಳಿ, ಅರ್ಧ ಜಗಳ ಅಲ್ಲೇ ತಣ್ಣಗಾಗುತ್ತದೆ.

ಜೈನರಲ್ಲಿ ಈ ಕತೆ ನಮ್ಮ ನಾಡಿನಲ್ಲೇ ತುಂಬಿಕೊಂಡು ಬೆಳೆಯಿತು. 9ನೇ ಶತಮಾನದಲ್ಲಿ ಜಿನಸೇನ ಸಂಸ್ಕೃತದಲ್ಲಿ ಆದಿಪುರಾಣ ಬರೆದ. 941ರಲ್ಲಿ ಪಂಪ ಅದನ್ನೇ ಕನ್ನಡಕ್ಕೆ ತಂದ. ನಿಮ್ಮ ಮಕ್ಕಳು ಬಾದಾಮಿಯ 4ನೇ ಗುಹೆಗೆ ಹೋಗಿರ್ತಾರೆ ಅಲ್ವಾ? ಕಾಲಿಗೆ ಬಳ್ಳಿ ಸುತ್ತಿಕೊಂಡು ನಿಂತ ಬಾಹುಬಲಿ ಅಲ್ಲಿದ್ದಾನೆ. ಐಹೊಳೆಯ ಜೈನ ಗುಹೆಯಲ್ಲೂ ಇದ್ದಾನೆ. ಅವನ ಅಣ್ಣನೇ ಈ ಭರತ. ಅಣ್ಣ ಎದುರಿಗೆ ಸೋತು ನಿಂತ, ಗೆದ್ದ ತಮ್ಮ ರಾಜ್ಯ ಬಿಟ್ಟು ತಪಸ್ಸಿಗೆ ಹೋದ, ಆ ತಮ್ಮನ ಮೂರ್ತಿ ನಿಮ್ಮೂರ ಹತ್ತಿರದ ಕಲ್ಲಿನಲ್ಲಿದೆ. ಇದನ್ನು ಪಾಠದಲ್ಲಿ ಹೇಳದೆ ಬಿಡಬೇಡಿ.

ಇಲ್ಲಿಗೇ ಮುಗಿಯಲಿಲ್ಲ. ಮತ್ಸ್ಯ, ವಾಯು ಪುರಾಣಗಳಲ್ಲಿ ಮೂರನೇ ಉತ್ತರವಿದೆ. ಪ್ರಜೆಗಳನ್ನು ಭರಿಸಿದ, ಅಂದರೆ ಹೊತ್ತು ಸಾಕಿದ ಮನುವಿಗೇ ಭರತ ಎಂಬ ಹೆಸರು, ಅವನಿಂದ ದೇಶಕ್ಕೂ ಬಂತು ಎನ್ನುತ್ತವೆ. ಒಂದೇ ಹೆಸರಿಗೆ ಪುರಾಣಗಳೇ ಬೇರೆ ಬೇರೆ ಮೂಲ ಕೊಡುತ್ತಿವೆ ಎಂದರೆ ಒಂದು ವಿಷಯ ಗೊತ್ತಾಗುತ್ತದೆ. ಹೆಸರು ಮೊದಲೇ ಬಳಕೆಯಲ್ಲಿತ್ತು. ಅದಕ್ಕೆ ಕಾರಣ ಹುಡುಕುವ ಕೆಲಸ ಆಮೇಲೆ ನಡೆಯಿತು.

ಇತಿಹಾಸಕಾರರು ಹಾಗಾಗಿ ಇನ್ನೂ ಹಿಂದಕ್ಕೆ ಹೋಗುತ್ತಾರೆ. ಋಗ್ವೇದದಲ್ಲಿ ಭರತರು ಎಂಬ ಒಂದು ಜನವಿದೆ. ಅವರ ರಾಜ ಸುದಾಸ. ಪರುಷ್ಣಿ ನದಿಯ ದಡದಲ್ಲಿ ಅವನು ಹತ್ತು ರಾಜರ ಕೂಟವನ್ನು ಸೋಲಿಸಿದ ಸಂಗತಿ ಏಳನೇ ಮಂಡಲದಲ್ಲಿದೆ. ಪರುಷ್ಣಿ ಎಂದರೆ ಇವತ್ತಿನ ರಾವಿ. ಈ ಜನ ಮುಂದೆ ಕುರುಗಳ ಜತೆ ಬೆರೆತರು. ಅವರ ಹೆಸರು ಅವರ ನೆಲಕ್ಕೆ ಅಂಟಿತು. ನೆಲ ಹಿಗ್ಗಿದ ಹಾಗೆ ಹೆಸರೂ ಹಿಗ್ಗಿತು. ನನಗೆ ಒಪ್ಪಿಗೆಯಾಗುವುದು ಈ ವಿವರಣೆಯೇ. ಆದರೆ ಇದು ವಿದ್ವಾಂಸರು ಕೂಡಿಸಿ ಕಟ್ಟಿದ ಊಹೆ, ಯಾವ ಶಾಸನವೂ ಹೀಗೆ ಬರೆದಿಟ್ಟಿಲ್ಲ.

ಹಿಗ್ಗಿತು ಅಂದೆನಲ್ಲ, ಅದಕ್ಕೆ ಪುರಾವೆ ಒಡಿಶಾದಲ್ಲಿದೆ. ಭುವನೇಶ್ವರದ ಹತ್ತಿರ ಉದಯಗಿರಿಯ ಹಾಥಿಗುಂಫಾ ಗುಹೆಯಲ್ಲಿ ಕಳಿಂಗದ ರಾಜ ಖಾರವೇಲನ ಪ್ರಾಕೃತ ಶಾಸನವಿದೆ. ಸುಮಾರು ಕ್ರಿ.ಪೂ. ಮೊದಲ ಶತಮಾನದ್ದು. ತಾನು ಪಟ್ಟಕ್ಕೆ ಬಂದ ಹತ್ತನೇ ವರ್ಷ ‘ಭರಧವಸ’ದ ಮೇಲೆ ದಂಡು ಕಳಿಸಿದೆ ಎನ್ನುತ್ತಾನೆ. ಭಾರತವರ್ಷದ ಹೆಸರು ಕಲ್ಲಿನ ಮೇಲೆ ಸಿಗುವುದು ಮೊದಲು ಇಲ್ಲೇ ಎಂದು ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಹೇಳದೆ ಬಿಡುವುದು ಮುಂದಿನ ಮಾತು. ಕಳಿಂಗದಿಂದ ಹೊರಟು ಭಾರತವರ್ಷದ ಮೇಲೆ ದಂಡೆತ್ತಿ ಹೋಗಬೇಕಾದರೆ ಕಳಿಂಗ ಅದರೊಳಗೆ ಇರಲಿಲ್ಲ ಎಂದಾಯಿತು! ಆಗ ಆ ಹೆಸರು ಉತ್ತರದ ಒಂದು ಭಾಗಕ್ಕಷ್ಟೇ ಸಲ್ಲುತ್ತಿತ್ತು. ಆಮೇಲೆ ವಿಷ್ಣುಪುರಾಣದ ಹೊತ್ತಿಗೆ ಸಮುದ್ರದ ಉತ್ತರಕ್ಕೆ, ಹಿಮಾಲಯದ ದಕ್ಷಿಣಕ್ಕೆ ಇರುವುದೆಲ್ಲ ಭಾರತ ಎಂಬ ವಿಶಾಲ ಅರ್ಥ ಬಂದಿದೆ.

ಈಗ ನಿಮ್ಮ ಜಿಲ್ಲೆಗೇ ಬನ್ನಿ. ಐಹೊಳೆಯ ಮೇಗುಟಿ ಗುಡ್ಡ ಹತ್ತಿ, ಗುಡಿಯ ಪೂರ್ವದ ಗೋಡೆ ನೋಡಿ. ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿಯ ಕವಿ ರವಿಕೀರ್ತಿಯ ಶಾಸನ ಅಲ್ಲೇ ಇದೆ. ಸಂಸ್ಕೃತ ಭಾಷೆ, ಹಳಗನ್ನಡದ ಲಿಪಿ. ಅದರಲ್ಲಿ ‘ಭಾರತ’ ಎಂಬ ಮಾತು ಇದೆ ಎಂದು ಯಾರೋ ನಿಮಗೆ ಹೇಳಿರಬಹುದು. ನಿಜ, ಇದೆ. ‘ಭಾರತಾದಾಹವಾದಿತಃ’ ಎಂದಿದೆ. ಭಾರತ ಯುದ್ಧ ಮುಗಿದು 3735 ವರ್ಷ, ಶಕ 556, ಅಂದರೆ ಕ್ರಿ.ಶ. 634–35. ಅಲ್ಲಿ ಭಾರತ ಎಂದರೆ ಯುದ್ಧ, ದೇಶವಲ್ಲ.

ಹಾಗಾದರೆ ದೇಶಕ್ಕೆ ಅವನು ಏನು ಹೇಳುತ್ತಾನೆ? ಇಮ್ಮಡಿ ಪುಲಕೇಶಿ ಗೆದ್ದ, ಬಗ್ಗಿಸಿದ ನಾಡುಗಳನ್ನು ಒಂದೊಂದಾಗಿ ಹೆಸರಿಸುತ್ತಾನೆ. ಬನವಾಸಿ, ಗಂಗರು, ಆಳುಪರು, ಕೊಂಕಣದ ಮೌರ್ಯರು, ಲಾಟ, ಮಾಳವ, ಗೂರ್ಜರ, 99,000 ಹಳ್ಳಿಗಳ ಮೂರು ಮಹಾರಾಷ್ಟ್ರಕಗಳು, ಕೋಸಲ, ಕಳಿಂಗ, ಕಂಚಿಯ ಪಲ್ಲವರು, ಚೋಳ, ಕೇರಳ, ಪಾಂಡ್ಯ. ನಡುವೆ ಹರ್ಷನ ಸೋಲೂ ಬರುತ್ತದೆ. ಕೊನೆಗೆ ಒಂದು ಸೊಗಸಾದ ಮಾತು ಹೇಳುತ್ತಾನೆ. ಪುಲಕೇಶಿ ವಾತಾಪಿ (ಬಾದಾಮಿ) ನಗರವನ್ನು ಹೊಕ್ಕು, ಕಡಲ ನೀಲಿ ನೀರೇ ಕಂದಕವಾಗಿರುವ ಈ ಭೂಮಿಯನ್ನು ಒಂದೇ ನಗರವೆಂಬಂತೆ ಆಳುತ್ತಿದ್ದಾನೆ ಎಂದು. ರವಿಕೀರ್ತಿ ಬಳಸಿದ ಪದ ‘ಉರ್ವೀ’. ಬರೀ ಭೂಮಿ. ಬಾದಾಮಿಯ ಆಸ್ಥಾನ ಕವಿಗೆ ಇಡೀ ನೆಲದ ಕಲ್ಪನೆ ಇತ್ತು, ಅದಕ್ಕೊಂದು ಹೆಸರು ಅಂಟಿಸುವ ಅವಸರ ಇರಲಿಲ್ಲ. ಚಾಲುಕ್ಯರ ಮುಂದಿನ ಶಾಸನಗಳು ಹರ್ಷನನ್ನು ‘ಸಕಲೋತ್ತರಾಪಥೇಶ್ವರ’ ಎನ್ನುತ್ತವೆ. ಉತ್ತರಾಪಥ ಅವನದು, ದಕ್ಷಿಣಾಪಥ ನಮ್ಮದು. ದೊರೆಗಳ ದಿನದ ವ್ಯವಹಾರಕ್ಕೆ ಈ ಎರಡು ಹೆಸರು ಸಾಕಾಗುತ್ತಿದ್ದವು.

ಅದೇ ಕಾಲಕ್ಕೆ ಪುಲಕೇಶಿಯ ರಾಜ್ಯಕ್ಕೆ ಬಂದು ಹೋದ ಚೀನಾದ ಯಾತ್ರಿಕ ಹ್ಯುಯೆನ್ ತ್ಸಾಂಗ್ ಕೂಡ ಈ ಹೆಸರಿನ ಗೊಂದಲ ಗಮನಿಸಿದ್ದಾನೆ. ಹಿಂದೆ ಶೆಂದು ಎನ್ನುತ್ತಿದ್ದರು, ಸರಿಯಾಗಿ ಹೇಳಬೇಕೆಂದರೆ ಯಿಂದು ಅನ್ನಬೇಕು ಎಂದು ಬರೆದ. ಇಲ್ಲಿನ ಜನ ಮಾತ್ರ ತಮ್ಮ ತಮ್ಮ ನಾಡಿನ ಹೆಸರನ್ನೇ ಹೇಳುತ್ತಾರೆ ಎಂದೂ ಸೇರಿಸಿದ.

ಗೋಡೆ ಮೇಲೆ ಎಲ್ಲಕ್ಕಿಂತ ಮೇಲೆ ಬರಬೇಕಾದ ಹೆಸರು ಯಾವುದು ಎಂದು ನನ್ನನ್ನು ಕೇಳಿದರೆ ‘ಜಂಬೂದ್ವೀಪ’ ಎನ್ನುತ್ತೇನೆ. ನಿಮ್ಮ ಸಭೆಯಲ್ಲಿ ಅದನ್ನು ಯಾರೂ ಎತ್ತಲಿಲ್ಲ ಅನ್ನಿಸುತ್ತದೆ, ಅಚ್ಚರಿ. ಆಳುವ ದೊರೆಯೇ ತನ್ನ ನೆಲಕ್ಕೆ ಹೇಳಿ, ಕಲ್ಲಿನಲ್ಲಿ ಕೊರೆಸಿ, ಇವತ್ತಿಗೂ ಓದಲು ಸಿಗುವ ಹೆಸರು ಅದು. ಕ್ರಿ.ಪೂ. 3ನೇ ಶತಮಾನದಲ್ಲಿ ಅಶೋಕ ತನ್ನ ಕಿರು ಶಿಲಾಶಾಸನದಲ್ಲಿ ‘ಜಂಬುದೀಪಸಿ’, ಅಂದರೆ ಜಂಬೂದ್ವೀಪದಲ್ಲಿ, ಎಂದಿದ್ದಾನೆ. ಆ ಶಾಸನದ ಪ್ರತಿಗಳು ನಮ್ಮ ಸುತ್ತಮುತ್ತಲೇ ಇವೆ. ಕೊಪ್ಪಳದ ಗವಿಮಠ, ಪಾಲ್ಕಿಗುಂಡು, ಮಸ್ಕಿ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ. ಜಂಬು ಎಂದರೆ ನೇರಳೆ. ಪುರಾಣಗಳಲ್ಲಿ ಜಂಬೂದ್ವೀಪ ಇನ್ನೂ ದೊಡ್ಡದು, ಭಾರತವರ್ಷ ಅದರ ಒಂಬತ್ತು ಭಾಗಗಳಲ್ಲಿ ಒಂದು. ಅಶೋಕ ಹೇಳುವಾಗ ಅದು ಅವನು ಆಳಿದ ನೆಲ.

ನಮ್ಮ ಕನ್ನಡ ಶಾಸನಗಳು ಇವೆರಡನ್ನೂ ಜೋಡಿಸಿಕೊಂಡವು. ಕಲ್ಯಾಣ ಚಾಲುಕ್ಯರ, ಸವದತ್ತಿ ರಟ್ಟರ ಕಾಲದ ಎಷ್ಟೋ ಶಾಸನಗಳು ಅಂಚೆ ವಿಳಾಸ ಬರೆದ ಹಾಗೆ ಶುರುವಾಗುತ್ತವೆ. ಕಡಲು ಸುತ್ತಿದ ಜಂಬೂದ್ವೀಪ, ಅದರ ನಡುವೆ ಮೇರು, ಮೇರುವಿನ ತೆಂಕಣಕ್ಕೆ ಭರತಕ್ಷೇತ್ರ, ಅದರೊಳಗೆ ಕುಂತಳದೇಶ. ಆಮೇಲೆ ಆಯಾ ಸೀಮೆ. ಬೆಳಗಾವಿ ಕಡೆಯದಾದರೆ ಕೂಂಡಿ ಮೂರುಸಾವಿರ, ವಿಜಯಪುರದ ಕಡೆ ತರ್ದವಾಡಿ ಸಾಸಿರ, ಪಟ್ಟದಕಲ್ಲಿನ ಸುತ್ತ ಕಿಸುಕಾಡು ಎಪ್ಪತ್ತು. ಮನೆಯ ಪೂಜೆಯಲ್ಲಿ ಸಂಕಲ್ಪ ಹೇಳುವಾಗ ‘ಜಂಬೂದ್ವೀಪೇ ಭರತವರ್ಷೇ ಭರತಖಂಡೇ’ ಎಂದು ಐನೋರು ಗಡಗಡನೆ ಹೇಳಿ ಮುಗಿಸುತ್ತಾರಲ್ಲ, ಅದೂ ಇದೇ ಬಗೆಯ ವಿಳಾಸ.

ಆರ್ಯಾವರ್ತದ ವಿಷಯ ಬೇಗ ಮುಗಿಸುತ್ತೇನೆ. ಮನುಸ್ಮೃತಿಯ ಲೆಕ್ಕದಲ್ಲಿ ಹಿಮಾಲಯಕ್ಕೂ ವಿಂಧ್ಯಕ್ಕೂ ನಡುವಿನ ನೆಲ ಆರ್ಯಾವರ್ತ. ಬಾದಾಮಿ ಅದರೊಳಗೆ ಬರುವುದಿಲ್ಲ. ಬೆಳಗಾವಿಯೂ ಇಲ್ಲ, ವಿಜಯಪುರವೂ ಇಲ್ಲ. ಅದನ್ನು ಇಡೀ ದೇಶದ ಹಳೇ ಹೆಸರು ಎಂದು ದೊಡ್ಡಕ್ಷರದಲ್ಲಿ ಬರೆಸಿದರೆ ನಮ್ಮ ಗೋಡೆ ಮೇಲೆ ನಮ್ಮನ್ನೇ ಹೊರಗಿಟ್ಟ ಹಾಗಾಗುತ್ತದೆ. ಆ ಸದಸ್ಯರಿಗೆ ಇದನ್ನು ನಗುನಗುತ್ತಾ ಹೇಳಿ.

ಇನ್ನು ‘ಹಿಂದೂ’. ವಾಟ್ಸಾಪ್‌ನಲ್ಲಿ ಜಾಸ್ತಿ ಓಡಾಡುವ ಸುಳ್ಳು ಇದರ ಬಗ್ಗೆಯೇ. ಮೂಲ ಪದ ಸಿಂಧು, ನದಿಯ ಹೆಸರು. ಇರಾನಿ ಭಾಷೆಗಳಲ್ಲಿ ಬಹಳ ಹಿಂದೆಯೇ ಸ್ವರಕ್ಕಿಂತ ಮೊದಲು ಬರುವ ‘ಸ’ ‘ಹ’ ಆಗಿತ್ತು. ನಮ್ಮ ಸಪ್ತ ಅವರಲ್ಲಿ ಹಪ್ತ, ಸೋಮ ಹಓಮ, ಅಸುರ ಅಹುರ. ಹಳಗನ್ನಡದ ಪಾಲು ನಮ್ಮ ಬಾಯಲ್ಲಿ ಹಾಲು ಆಗಲಿಲ್ಲವೇ, ಪಾವು ಹಾವಾಗಲಿಲ್ಲವೇ? ಅದೇ ತರಹದ್ದು. ‘ಪರ್ಷಿಯನ್ನರಿಗೆ ಸಕಾರ ಉಚ್ಚರಿಸೋಕೆ ಬರ್ತಿರಲಿಲ್ಲ’ ಎನ್ನುವುದೂ ಸರಿಯಲ್ಲ. ಅವರ ದೇಶದ ಹೆಸರೇ ಪಾರ್ಸ, ಅದರಲ್ಲೇ ಸಕಾರ ಇದೆ. ಅದು ಬೇರೆ ಧ್ವನಿಯಿಂದ ಬಂದ ‘ಸ’. ನಾಲಿಗೆಯ ದೋಷದ ಮಾತಲ್ಲ ಇದು, ಭಾಷೆ ಬದಲಾಗುವ ರೀತಿ.

ಕ್ರಿ.ಪೂ. 522ರಿಂದ 486ರವರೆಗೆ ಆಳಿದ ಪರ್ಷಿಯಾದ ದೊರೆ ದಾರಯವಹುವಿನ (ಡೇರಿಯಸ್) ನಖ್ಶ್-ಎ-ರುಸ್ತಮ್ ಶಾಸನದಲ್ಲಿ ‘ಹಿಂದುಶ್’ ಎಂಬುದು ಅವನ ಒಂದು ಪ್ರಾಂತದ ಹೆಸರು. ಸಿಂಧೂ ನದಿಯ ಆಸುಪಾಸಿನ ನೆಲ. ಅಲ್ಲಿ ಬೈಗುಳದ ವಾಸನೆಯೂ ಇಲ್ಲ. ಸಾವಿರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಪರ್ಷಿಯನ್ ಕಾವ್ಯದಲ್ಲಿ ‘ಹಿಂದೂ’ ಎಂದರೆ ಕಪ್ಪು, ದಾಸ, ಕಳ್ಳ ಎಂಬ ಬಳಕೆಗಳು ಸೇರಿಕೊಂಡದ್ದು ನಿಜ. ಸುಳ್ಳಿಗೆ ಜೀವ ಕೊಟ್ಟದ್ದು ಈ ಅರ್ಧ ಸತ್ಯವೇ. ಆದರೆ ಅಲ್ಲೂ ಎಲ್ಲ ಕಡೆ ನಿಂದೆಯಿಲ್ಲ. 14ನೇ ಶತಮಾನದ ಕವಿ ಹಾಫಿಜ್ ತನ್ನ ಪ್ರಿಯೆಯ ‘ಹಿಂದೂ ಮಚ್ಚೆ’ಗೆ ಸಮರ್ಖಂಡ, ಬುಖಾರಾ ಎರಡನ್ನೂ ಕೊಟ್ಟುಬಿಡುತ್ತೇನೆ ಎನ್ನುತ್ತಾನೆ. ಅದೇ ಶತಮಾನದಲ್ಲಿ ವಿಜಯನಗರದ ಬುಕ್ಕರಾಯ ‘ಹಿಂದೂರಾಯ ಸುರತ್ರಾಣ’, ಅಂದರೆ ಹಿಂದೂ ರಾಜರ ಸುಲ್ತಾನ, ಎಂಬ ಬಿರುದು ಧರಿಸಿದ. ಬೈಗುಳವನ್ನು ಯಾವ ದೊರೆ ಬಿರುದು ಮಾಡಿಕೊಂಡಾನು?

ಇದೇ ಸಿಂಧುವಿನಿಂದಲೇ ಇಂಡಿಯಾ ಬಂದದ್ದು. ಪರ್ಷಿಯನ್ನರ ಹಿಂದು ಗ್ರೀಕರ ಕಿವಿಗೆ ಬಿದ್ದು, ‘ಹ’ ಉದುರಿ ಇಂಡೋಸ್ ಆಯಿತು. ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಈ ಜನರ ಬಗ್ಗೆ ಬರೆದ. ಚಂದ್ರಗುಪ್ತ ಮೌರ್ಯನ ಆಸ್ಥಾನಕ್ಕೆ ಬಂದ ಮೆಗಸ್ತನೀಸ್ ತನ್ನ ಪುಸ್ತಕಕ್ಕೆ ಇಂಡಿಕಾ ಎಂದೇ ಹೆಸರಿಟ್ಟ. ಗ್ರೀಕಿನಿಂದ ಲ್ಯಾಟಿನ್, ಲ್ಯಾಟಿನ್ನಿಂದ ಯುರೋಪಿನ ಉಳಿದ ಭಾಷೆಗಳು. 1492ರಲ್ಲಿ ಕೊಲಂಬಸ್ ಅಮೆರಿಕದ ಕಡೆ ಇಳಿದು ಅಲ್ಲಿನವರನ್ನು ಇಂಡಿಯನ್ನರು ಎಂದದ್ದು ಇದೇ ಹೆಸರು ತಲೆಯಲ್ಲಿದ್ದುದರಿಂದ. ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದು 1600ರಲ್ಲಿ. ಬ್ರಿಟಿಷರು ಇಟ್ಟ ಹೆಸರು ಇದಲ್ಲ, ಅವರು ತರುವಾಗಲೇ ಹಳೆಯದಾಗಿತ್ತು. ಹೊರಗಿನವರು ಕರೆದ ಹೆಸರು ಎಂದರೆ ಒಪ್ಪುತ್ತೇನೆ. ಬೇರು ಮಾತ್ರ ನಮ್ಮ ನದಿಯದೇ.

‘ಹಿಂದುಸ್ತಾನ’ವನ್ನೂ ಒಂದು ಸಾಲಿನಲ್ಲಿ ಸೇರಿಸಿ. ಅದೂ ಮೊಗಲರು ತಂದದ್ದಲ್ಲ, 3ನೇ ಶತಮಾನದ ಇರಾನಿನ ದೊರೆ ಮೊದಲನೇ ಶಾಪುರನ ಶಾಸನದಲ್ಲೇ ಇದೆ. ಅದಕ್ಕೆ ವಿಜಯಪುರದ ನಂಟೂ ಇದೆ. ಅಲ್ಲಿನ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್ ಶಾಹನ ಆಶ್ರಯದಲ್ಲಿ ಫಿರಿಶ್ತಾ ಎಂಬ ಇತಿಹಾಸಕಾರ 17ನೇ ಶತಮಾನದ ಆರಂಭದಲ್ಲಿ ಹಿಂದುಸ್ತಾನದ ದೊಡ್ಡ ಚರಿತ್ರೆಯೊಂದನ್ನು ಪರ್ಷಿಯನ್‌ನಲ್ಲಿ ಬರೆದ. ದಖ್ಖನ್ನಿನಲ್ಲಿ ಕೂತೇ ಇಡೀ ದೇಶದ ಕತೆ ಹೇಳಿದ.

‘ಇಂಡಿಪೆಂಡೆಂಟ್ ನೇಷನ್ ಡಿಕ್ಲೇರ್ಡ್ ಇನ್ ಆಗಸ್ಟ್’ ಎಂಬುದೇ ಇಂಡಿಯಾದ ಫುಲ್ ಫಾರ್ಮ್ ಎಂದು ಯಾರಾದರೂ ಹೇಳಿದರೆ ಸುಮ್ನೆ ನಕ್ಕುಬಿಡಿ. ‘ಭಾ ಎಂದರೆ ಬೆಳಕು, ಅದರಲ್ಲಿ ರತ ಆದದ್ದು ಭಾರತ’ ಎನ್ನುವುದು ಭಾಷಣಕ್ಕೆ ಚೆಂದ. ವ್ಯಾಕರಣದ ಪ್ರಕಾರ ಭರತನಿಗೆ ಸಂಬಂಧಿಸಿದ್ದು ಭಾರತ, ಅಷ್ಟೆ.

ಈಗ ಗೋಡೆಗೆ ಬರೋಣ. ನಿಮ್ಮ ಮುಂದೆ ಮೂರು ದಾರಿ ಇವೆ.

ಮೊದಲಿನದು, ನೀವು ಬರೆದುಕೊಂಡು ಹೋದ ಸಾಲನ್ನೇ ಉಳಿಸುವುದು. ಸುಲಭ, ಜನರಿಗೆ ಪರಿಚಿತ. ಆದರೆ ಒಂದೇ ಪರಂಪರೆಯನ್ನು ಸತ್ಯ ಎಂದು ಸಾರಿದ ಹಾಗಾಗುತ್ತದೆ, ಅದೂ ಪುರಾಣಗಳೇ ಬೇರೆ ಮಾತು ಹೇಳುವಾಗ. ಜೈನರ ಮನೆಯ ಮಗುವಿಗೆ ಬೇಜಾರಾದರೆ ಅದು ಬರೀ ಭಾವನೆಯ ಮಾತಲ್ಲ, ಆ ಮಗುವಿನ ಕೈಯಲ್ಲಿ ಆಧಾರವೂ ಇದೆ. ಇದನ್ನು ಬಿಡಿ ಎಂದೇ ನನ್ನ ಸಲಹೆ.

ಎರಡನೆಯದು, ಕತೆಗಳನ್ನೆಲ್ಲ ಬಿಟ್ಟು ಶಾಸನದ ಆಧಾರ ಇರುವುದನ್ನಷ್ಟೇ ಬರೆಸುವುದು. ವಿದ್ವತ್ತಿನ ದೃಷ್ಟಿಯಿಂದ ಇದೇ ಗಟ್ಟಿ. ಅಪಾಯ ಏನೆಂದರೆ ಗೋಡೆ ಒಣಗಿಹೋಗುತ್ತದೆ. ‘ನಮ್ಮ ಭರತ ಎಲ್ಲಿ?’ ಎಂದು ಎರಡೂ ಕಡೆಯವರು ಒಟ್ಟಿಗೆ ನಿಮ್ಮ ಮೇಲೆ ಬೀಳುತ್ತಾರೆ. ಭರತನ ಕತೆ ಮಕ್ಕಳಿಗೆ ಬೇಕು ಕೂಡ.

ಮೂರನೆಯದು, ಪ್ರತಿ ಹೆಸರಿನ ಮುಂದೆ ಯಾರು ಹೇಳಿದರು, ಎಲ್ಲಿದೆ ಎಂದು ಬರೆಸುವುದು. ಸಾಲು ಉದ್ದವಾಗುತ್ತವೆ, ಪೇಂಟರ್ ಕೂಲಿ ಜಾಸ್ತಿ ಕೇಳಬಹುದು, ಕಾಗುಣಿತ ತಪ್ಪುವ ಭಯವೂ ಇದೆ. ಆದರೂ ನಾನಾದರೆ ಇದನ್ನೇ ಆರಿಸುತ್ತೇನೆ. ಹೀಗೆ ಬರೆಸಿ:

ಜಂಬೂದ್ವೀಪ: ಅಶೋಕನ ಶಾಸನಗಳಲ್ಲಿ, ಕ್ರಿ.ಪೂ. 3ನೇ ಶತಮಾನ.
ಭಾರತವರ್ಷ: ಖಾರವೇಲನ ಶಾಸನದಲ್ಲಿ ಉತ್ತರದ ಒಂದು ಭಾಗಕ್ಕೆ, ಮುಂದೆ ಪುರಾಣಗಳಲ್ಲಿ ಇಡೀ ದೇಶಕ್ಕೆ. ವಿಷ್ಣುಪುರಾಣ, ಭಾಗವತ ಮತ್ತು ಜೈನ ಪರಂಪರೆ ವೃಷಭನ ಮಗ ಭರತನಿಂದ ಎನ್ನುತ್ತವೆ. ಜನಪ್ರಿಯ ನಂಬಿಕೆ ದುಷ್ಯಂತನ ಮಗ ಭರತನಿಂದ ಎನ್ನುತ್ತದೆ. ಋಗ್ವೇದದ ಭರತ ಜನರಿಂದ ಎಂಬುದು ಇತಿಹಾಸಕಾರರ ಅಭಿಪ್ರಾಯ.
ಹಿಂದ್, ಹಿಂದುಸ್ತಾನ, ಇಂಡಿಯಾ: ಸಿಂಧೂ ನದಿಯ ಹೆಸರಿನಿಂದ, ಇರಾನಿಯನ್ನರು ಮತ್ತು ಗ್ರೀಕರ ಮೂಲಕ.

ಕೆಳಗೆ ಸಂವಿಧಾನದ ಮೊದಲ ವಿಧಿ ಬರಲಿ: ಇಂಡಿಯಾ, ಅಂದರೆ ಭಾರತ, ರಾಜ್ಯಗಳ ಒಕ್ಕೂಟ. ಇದರ ಬಗ್ಗೆಯೂ ಸುಲಭಕ್ಕೆ ಒಮ್ಮತ ಇರಲಿಲ್ಲ ಎಂದು ನಿಮ್ಮ ಸದಸ್ಯರಿಗೆ ಹೇಳಿ. 1949ರ ಸೆಪ್ಟೆಂಬರ್ 18ರಂದು ಸಂವಿಧಾನ ಸಭೆಯಲ್ಲಿ ಎಚ್.ವಿ. ಕಾಮತ್ ಈ ಸಾಲಿಗೆ ತಿದ್ದುಪಡಿ ತಂದರು. ಭಾರತ ಎಂಬುದು ಮುಂದೆ ಬರಲಿ ಎಂಬುದು ಅವರ ವಾದ. ಮತಕ್ಕೆ ಹಾಕಿದಾಗ ಪರ 38, ವಿರೋಧ 51. ಆಮೇಲೆ ಸಭೆಯ ಸದಸ್ಯರು ಅದೇ ಸಂವಿಧಾನಕ್ಕೆ ಸಹಿ ಹಾಕಿದರು.

ಪೇಂಟರ್‌ಗೆ ಬಾಯಲ್ಲಿ ಹೇಳಬೇಡಿ. ದಪ್ಪ ಅಕ್ಷರದಲ್ಲಿ ಬರೆದ ಪ್ರಿಂಟ್ ಕೊಡಿ. ‘ಭರತ’, ‘ಭಾರತ’ ಎರಡರ ದೀರ್ಘ ಎಲ್ಲಿ ಬರುತ್ತದೆ ಎಂದು ಕೆಂಪು ಪೆನ್ನಿನಲ್ಲಿ ಗುರುತು ಹಾಕಿ. ಬಣ್ಣ ಹಚ್ಚುವ ಮುಂಚೆ ಚಾಕ್‌ಪೀಸಿನಲ್ಲಿ ಗೋಡೆ ಮೇಲೆ ಬರೆಸಿ, ಆ ಜೈನ ಸದಸ್ಯರನ್ನೂ ಆರ್ಯಾವರ್ತದವರನ್ನೂ ಒಟ್ಟಿಗೆ ಕರೆದು ಓದಿಸಿ. ಇಬ್ಬರೂ ತಲೆ ಆಡಿಸಿದ ಮೇಲೆ ಬ್ರಷ್ ಎತ್ತಲಿ.